ಚಳಿಜ್ವರಕ್ಕೆ ಅಂಕ ಹಾಕುತ್ತಿದ್ದ ಕಾಲ

ಇಲ್ಲಿ ಬರೆಯುವುದೆಲ್ಲ ನಡೆದದ್ದೇ. ಆದರೆ ಬರೆದ ಕ್ರಮದಲ್ಲೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲವನ್ನೂ ಎಂಬತ್ತರ ಮೊದಲಿನ ಇನ್ನೊಂದನ್ನೂ ನನ್ನ ನೆನಪು ಸೇರಿಸಿ ಹೊಲಿದುಬಿಟ್ಟಿದೆ. ಹೊಲಿಗೆ ಎಲ್ಲಿದೆ ಎಂದು ಈಗ ನನಗೇ ಕಾಣುವುದಿಲ್ಲ. ದಿನಚರಿ ಬರೆಯುವ ಚಟ ಕಾಲೇಜಿನಿಂದಲೂ ಇದೆ. ಆದರೆ ಆ ವರ್ಷಗಳ ಪುಟಗಳಲ್ಲಿರುವುದು "ವಿಪರೀತ ಮಳೆ, ಜ್ವರದವರು ಬಹಳ, ಊಟ ತಡ" ಎಂಬಂಥ ಸಾಲುಗಳು. ದಣಿದ ಕೈ ಮುಖ್ಯವಾದದ್ದನ್ನು ಬರೆಯುವುದಿಲ್ಲ. ಹೀಗಾಗಿ ನಾನು ಯಾರದಾದರೂ ಮಾತನ್ನು ಇಲ್ಲಿ ಕೊಟ್ಟಾಗ, ಅದು ಅವರಾಡಿದ ಮಾತೋ ನಾನು ಹತ್ತಾರು ಸಲ ಹೇಳಿ ನಯ ಮಾಡಿದ ಮಾತೋ ಎಂಬ ಅನುಮಾನ ಓದುವವರಿಗೂ ಇರಲಿ. ನನಗಂತೂ ಇದೆ.

ಈಗ ವೈದ್ಯಕೀಯ ಮುಗಿಸಿ ಹಳ್ಳಿಗೆ ಹೋಗುವ ಹುಡುಗ ಹುಡುಗಿಯರು ಬೆರಳ ತುದಿಯ ಒಂದು ಹನಿ ರಕ್ತವನ್ನು ಪಟ್ಟಿಯ ಮೇಲಿಟ್ಟು, ರೋಗಿ ಬೆಂಚಿನಿಂದ ಏಳುವ ಮೊದಲೇ ಮಲೇರಿಯಾ ಹೌದೋ ಅಲ್ಲವೋ ಹೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಖಾನಾಪುರದಾಚೆ, ಕಾಡಿನ ಮಗ್ಗುಲಿಗಿದ್ದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯಾಧಿಕಾರಿಯಾಗಿ ಹೋದಾಗ ಅಲ್ಲಿ ಸೂಕ್ಷ್ಮದರ್ಶಕ ಇತ್ತು, ಮರದ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಕೊಂಡು ಕೂತಿತ್ತು. ಅದರಲ್ಲಿ ಕಣ್ಣಿಟ್ಟು ನೋಡುವ ತಂತ್ರಜ್ಞನ ಹುದ್ದೆ ಮಾತ್ರ ಖಾಲಿ. ಜ್ವರದವರ ರಕ್ತವನ್ನು ಗಾಜಿನ ಮೇಲೆ ಸವರಿ, ಒಣಗಿಸಿ, ಕಾಗದದಲ್ಲಿ ಸುತ್ತಿ ಬಸ್ಸಿನಲ್ಲಿ ಬೆಳಗಾವಿಗೆ ಕಳಿಸುತ್ತಿದ್ದೆವು. ಉತ್ತರ ಬರುವಷ್ಟರಲ್ಲಿ ರೋಗಿ ಗುಣವಾಗಿ ಭತ್ತದ ಗದ್ದೆಯಲ್ಲಿರುತ್ತಿದ್ದ. ಇಲ್ಲವೇ ಅವನ ಹೆಸರನ್ನು ನಾವು ದನಿ ತಗ್ಗಿಸಿ ಹೇಳಬೇಕಾಗುತ್ತಿತ್ತು.

ಜ್ವರ ಎಂದವರಿಗೆಲ್ಲ ಕ್ಲೋರೋಕ್ವಿನ್ ಮಾತ್ರೆ ಕೊಡಬೇಕೆಂಬ ನಿಯಮವೇನೋ ಇತ್ತು. ಆದರೆ ಮಳೆಗಾಲದಲ್ಲಿ ಜ್ವರ ಒಂದೇ ವೇಷದಲ್ಲಿ ಬರುವುದಿಲ್ಲ. ವಿಷಮಶೀತ ಜ್ವರ, ನ್ಯುಮೋನಿಯಾ, ನೆಗಡಿ ಎಲ್ಲವೂ ಒಂದೇ ಬೆಂಚಿನ ಮೇಲೆ ಕೂತಿರುತ್ತಿದ್ದವು. ಎಲ್ಲರಿಗೂ ಅದೇ ಬಿಳಿ ಮಾತ್ರೆ ಕೊಟ್ಟು ಕಳಿಸಿದರೆ ನಡುವೆ ಯಾರೋ ಒಬ್ಬರು ಕೈ ಜಾರುತ್ತಿದ್ದರು. ನಾನು ಹಳ್ಳಿಗಳ ಮೇಲೆ ಹೋದ ದಿನ ನಿರ್ಧಾರವೆಲ್ಲ ನಮ್ಮ ನರ್ಸ್ ಕಸ್ತೂರಿಬಾಯಿಯ ಮೇಲೆ ಬೀಳುತ್ತಿತ್ತು. ಆಕೆ ಧೈರ್ಯದ ಹೆಂಗಸು, ಆದರೆ ಒಂದು ದಿನ, ಡಾಕ್ಟರ್ ಬಾಯಿ ಎಂದು ಊರೆಲ್ಲ ಕರೆಯುತ್ತಿದ್ದ ನನಗೆ ನೇರವಾಗಿಯೇ ಅಂದಳು, "ಬಾಯಾರ, ನೀವು ಹೋಗ್ತೀರಿ, ನನಗ ಎದಿ ಡವಡವ ಅಂತೈತಿ. ಯಾರ್ನ ಇಟ್ಕೊಳ್ಲಿ, ಯಾರ್ನ ಕಳಸ್ಲಿ?"

ಇದಕ್ಕೆ ದಾರಿ ಹೇಳಿದವರು ನಮ್ಮ ಮೇಲಧಿಕಾರಿ. ಇಸ್ತ್ರಿ ಮುರಿಯದ ಅಂಗಿಯ, ಮಾತು ಕಡಿಮೆಯ ಮನುಷ್ಯ. ನಾವೆಲ್ಲ ಅವರನ್ನು ಸಾಹೇಬರು ಎಂದಷ್ಟೇ ಕರೆಯುತ್ತಿದ್ದೆವು. "ಲಕ್ಷಣಕ್ಕೊಂದು ಅಂಕ ಹಾಕ್ರಿ. ಕೂಡಿಸ್ರಿ. ಗೆರಿ ದಾಟಿದ್ರ ಮಲೇರಿಯಾ ಅಂತ ಪೂರಾ ಔಷಧ. ಇನ್ನೊಂದು ಗೆರಿ ದಾಟಿದ್ರ ಜೀಪಿನ್ಯಾಗ ಬೆಳಗಾವಿ. ಗೆರಿ ದಾಟದವರಿಗೆ ಜೀಪು ಇಲ್ಲ, ಪುಢಾರಿ ಅಳಿಯ ಆದ್ರೂ ಇಲ್ಲ." ಜೀಪಿನ ಬಗ್ಗೆ ಅವರಿಗೆ ಕಹಿ ಅನುಭವಗಳಿದ್ದವು.

ಯಾವ ಲಕ್ಷಣಕ್ಕೆ ಎಷ್ಟು ಅಂಕ? ಅದನ್ನು ಲೆಕ್ಕ ಹಾಕಿಕೊಟ್ಟವನು ನನ್ನ ಅಣ್ಣ. ಬೆಳಗಾವಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. ರವಿವಾರ ನಾನು ಹಳೆಯ ರೋಗಿಗಳ ವಿವರವನ್ನೂ ಅವರ ರಕ್ತದ ಫಲಿತಾಂಶವನ್ನೂ ಹೊತ್ತು ಅವನ ಮನೆಗೆ ಹೋಗುತ್ತಿದ್ದೆ. ಚಾಪೆಯ ಮೇಲೆ ಕೂತು ಇಬ್ಬರೂ ಎಣಿಸುತ್ತಿದ್ದೆವು. ಮಲೇರಿಯಾ ಇದ್ದವರಲ್ಲಿ ಹೆಚ್ಚಾಗಿ, ಇಲ್ಲದವರಲ್ಲಿ ಅಪರೂಪವಾಗಿ ಕಾಣುವ ಲಕ್ಷಣಕ್ಕೆ ತೂಕ ಹೆಚ್ಚು. ಎರಡೂ ಕಡೆ ಸಮ ಇದ್ದರೆ ತೂಕ ಕಡಿಮೆ. ನಡುಕ ಹತ್ತಿ, ಆಮೇಲೆ ಸುಟ್ಟು, ಬೆವರಿ ಇಳಿಯುವ ಜ್ವರಕ್ಕೆ ಮೂರು. ಎಡ ಪಕ್ಕೆಲುಬಿನ ಕೆಳಗೆ ಊದಿದ ಗುಲ್ಮ, ಅಂದರೆ ಸ್ಪ್ಲೀನ್, ಕೈಗೆ ಸಿಕ್ಕರೆ ಮೂರು. ದಿನ ಬಿಟ್ಟು ದಿನ ಬಂದರೆ ಎರಡು. ಕೆಮ್ಮಿದ್ದರೆ ಎರಡು ಕಳೆಯಬೇಕು, ಯಾಕೆಂದರೆ ಆಗ ಜ್ವರ ಎದೆಯದೇ ಇರುವ ಸಂಭವ ಹೆಚ್ಚು.

"ತಲಿನೋವಿಗೆ ಬರೇ ಒಂದೇನೋ ಅಣ್ಣಾ? ಎಲ್ಲಾರೂ ಮೊದಲ ಅದನ್ನ ಹೇಳ್ತಾರ."

"ಎಲ್ಲಾರೂ ಹೇಳ್ತಾರಂತನ ಒಂದು. ತಲಿನೋವು ಯಾರಿಗಿಲ್ಲ, ತಂಗಿ? ನಿನ್ನ ಜೋಡಿ ಒಂದ್ ತಾಸು ಕುಂತ್ರ ನನಗೂ ಬರತೈತಿ."

ಈ ಅಂಕಗಳನ್ನೆಲ್ಲ ಒಂದು ಕಾರ್ಡಿನ ಮೇಲಿನ ಅರ್ಧದಲ್ಲಿ ಹಾಕಿದೆವು. ಕೆಳಗಿನ ಅರ್ಧ ರೋಗದ ತೀವ್ರತೆಗೆ. ಕೂರಲು ಆಗುತ್ತದೆಯೇ, ನೀರು ಕುಡಿಯುತ್ತಾರೆಯೇ, ಕೇಳಿದ್ದಕ್ಕೆ ಸರಿಯಾಗಿ ಮಾತಾಡುತ್ತಾರೆಯೇ, ಕಣ್ಣು ಹಳದಿಯೇ, ಮೂತ್ರ ಕಪ್ಪೇ, ಸೆಳವು ಬಂದಿದೆಯೇ. ಇಲ್ಲಿನ ಅಂಕಗಳು ದೊಡ್ಡವು. ಇದರಲ್ಲಿ ಎರಡು ಮೂರು ಕೂಡಿದರೆ ಜೀಪು.

ಕಾರ್ಡು ಸೈಕ್ಲೋಸ್ಟೈಲ್ ಆಗಿ ಬಂದ ದಿನ ನಾನು ಬೀಗಿದ್ದೆ. ಬೀಗಿದ್ದು ಬಹಳ ದಿನ ಉಳಿಯಲಿಲ್ಲ.

ಮೊದಲು ಕೈ ಕೊಟ್ಟದ್ದು ಕೆಮ್ಮು. ನಾನು ಬೆಳಗಾವಿಗೆ ಹೋಗಿದ್ದ ಒಂದು ರವಿವಾರ ಅಣ್ಣನ ಪರಿಚಯದ ಹಮಾಲ ಹುಸೇನ್ ಭಾಯಿ ಜ್ವರ ಎಂದು ಅವನ ಮನೆಗೆ ಬಂದ. ರವಿವಾರ ಪೇಟೆ ಎಂಬ ಬಜಾರಿನ ಮೆಣಸಿನಕಾಯಿ ಅಂಗಡಿಯಲ್ಲಿ ಮೂಟೆ ಹೊರುವವನು. ನಡುವೆ ಲಾರಿಯ ಜೊತೆ ಖಾನಾಪುರದ ಕಡೆ ಹೋಗಿ ಬಂದಿದ್ದ. ನಾನು ಜಂಬದಿಂದ ಕಾರ್ಡು ತೆಗೆದು ಒಂದೊಂದೇ ಕೇಳಿದೆ. ಕೆಮ್ಮು ಇತ್ತು, ಎರಡು ಕಳೆದೆ. ಮೊತ್ತ ಗೆರೆಯ ಕೆಳಗೆ ಬಂತು. ಕೆಮ್ಮಿನ ಔಷಧ ಕೊಟ್ಟು ಕಳಿಸಿದೆ. ಅವನು ಮತ್ತೆ ಬಂದಾಗ ಕೂತ ಕುರ್ಚಿಯೇ ಅವನ ಜೊತೆ ನಡುಗುತ್ತಿತ್ತು. ಆಗ ನನಗೆ ಕೇಳಬೇಕೆನಿಸಿತು, "ಈ ಕೆಮ್ಮು ಎಂದಿನಿಂದ, ಭಾಯಿ?"

"ಅರೆ ಬಾಯಿ, ಮೆಣಸಿನಕಾಯಿ ಅಂಗಡ್ಯಾಗ ಕೆಮ್ಮದವ ಯಾಂವ ಅದಾನ? ಸೇಠಜಿ ಗಲ್ಲಾದ ಮ್ಯಾಲ ಕುಂತು ಕೆಮ್ಮತಾರ, ಗಿರಾಕಿ ಬಾಗಲದಾಗ ನಿಂತು ಕೆಮ್ಮತಾರ. ನಮ್ಮ ಅಂಗಡಿ ಬೆಕ್ಕೂ ಕೆಮ್ಮತೈತಿ."

ಮಾತ್ರೆ ನುಂಗಿ ಗುಣವಾದ. ನನ್ನ ಮೇಲೆ ಸಿಟ್ಟೂ ಮಾಡಲಿಲ್ಲ. ಅಂದಿನಿಂದ ಕಾರ್ಡಿನಲ್ಲಿ "ಕೆಮ್ಮು" ಹೋಗಿ "ಜ್ವರದ ಜೊತೆಗೇ ಶುರುವಾದ ಕೆಮ್ಮು" ಬಂತು.

ಆಮೇಲೆ ಥರ್ಮಾಮೀಟರು. ನಮ್ಮ ಭಾಗದಲ್ಲಿ ಜನ ಆಸ್ಪತ್ರೆಗೆ ಬರುವುದು ಜ್ವರದ ದಿನವಲ್ಲ, ಸಂತೆಯ ದಿನ. ಅಂದು ಬಸ್ಸು ಹೆಚ್ಚು, ಜೊತೆ ಸಿಗುತ್ತದೆ, ಉಪ್ಪು ಎಣ್ಣೆಯೂ ಆಗುತ್ತದೆ. ದಿನ ಬಿಟ್ಟು ದಿನ ಬರುವ ಜ್ವರದವರಲ್ಲಿ ಎಷ್ಟೋ ಮಂದಿಗೆ ಸಂತೆಯ ದಿನ ಮೈ ತಣ್ಣಗಿರುತ್ತಿತ್ತು. ನಾವು ಜ್ವರ ಇಲ್ಲ ಎಂದು ಬರೆದುಕೊಳ್ಳುತ್ತಿದ್ದೆವು. ಒಬ್ಬ ಮುದುಕ ಬೇಸರಪಟ್ಟು ಅಂದಿದ್ದ, "ನನ್ನ ಜ್ವರಕ್ಕ ನಿಮ್ಮ ಸಂತಿ ವಾರ ಗೊತ್ತಿಲ್ಲ ನೋಡ್ರಿ." ಥರ್ಮಾಮೀಟರಿನ ಅಂಕ ಇಳಿಸಿದೆವು.

ಚಳಿಯನ್ನು ಅಳೆಯುವುದಂತೂ ದೊಡ್ಡ ಪಾಡು. ಖಾನಾಪುರದ ಮಳೆಯಲ್ಲಿ "ಚಳಿ ಬಂತೇನು?" ಎಂದು ಕೇಳಿದರೆ ಕೇಳಿದವರಿಗೂ ಚಳಿಯೇ. ಹೀಗಾಗಿ "ಎಷ್ಟು ಕೌದಿ ಹೊದಿಸಿದರು?" ಎಂದು ಕೇಳತೊಡಗಿದೆವು. ಮರಾಠಿ ಮನೆಗಳಲ್ಲಿ ಗೋಧಡಿ ಎನ್ನುತ್ತಿದ್ದೆವು. ಒಬ್ಬರು, "ಎರಡು ಹೊಚ್ಚಿ ಮ್ಯಾಲೆ ಮೊಮ್ಮಗನ್ನ ಕುಂದ್ರಿಸಿದ್ರು, ಆದ್ರೂ ಹಲ್ಲು ಕಟಕಟ" ಅಂದರು. ಇದೇ ಸರಿಯಾದ ಅಳತೆ ಎಂದು ಅಣ್ಣನೂ ಒಪ್ಪಿದ. ಒಂದು ತಿಂಗಳು ಚೆನ್ನಾಗಿಯೇ ನಡೆಯಿತೆಂದು ನೆನಪು. ಆಮೇಲೆ ಒಬ್ಬ ಹೆಂಗಸು, ಕೇಳಿದ್ದಕ್ಕೆ ನಾಚಿಕೊಂಡು, "ಇರೂದ ಒಂದು ಕೌದಿ, ಬಾಯಾರ. ಅದು ಅತ್ತಿ ಹಂತ್ಯಾಕ ಐತಿ" ಅಂದಳು. ನಾವು ಅಳೆಯುತ್ತಿದ್ದದ್ದು ಚಳಿಯನ್ನೋ ಮನೆಯ ಹಾಸಿಗೆಯನ್ನೋ ಎಂದು ಆ ದಿನ ಅನಿಸಿತು. ಆದರೂ ನಾನು ಅದನ್ನು ಬಡತನದ ಮಾತೆಂದು ತಿಳಿದೆ. ಇನ್ನೂ ಏನೋ ಅದರೊಳಗಿತ್ತು, ಅದು ತಿಳಿಯಲು ಶೇವಂತಾ ಬರಬೇಕಾಯಿತು.

ಅವಳು ಕಾಡಿನಂಚಿನ ಒಂದು ಹಳ್ಳಿಯ ರೈತರ ಮನೆಯ ಸೊಸೆ. ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಗಂಡ ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಕೆಲಸಕ್ಕಿದ್ದ. ಅತ್ತೆ ಮಾವ ಇಬ್ಬರೂ ಅವಳನ್ನು ಕರೆತಂದಿದ್ದರು. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಎರಡನ್ನೂ ಕಲಸಿದ ಮಾತು. ಮಾವ ಕೆಟ್ಟ ಮನುಷ್ಯನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ತನ್ನ ಕಂಬಳಿಕೊಪ್ಪೆಯನ್ನು ಸೊಸೆಗೆ ಹೊದಿಸಿ ತಾನು ಪೂರಾ ತೊಯ್ದು ಬಂದಿದ್ದ.

ನಾನು ಒಳಗೆ ಒಂದು ಮಗುವನ್ನು ನೋಡುತ್ತಿದ್ದೆ. ಪಡಸಾಲೆಯಲ್ಲಿ ಕಸ್ತೂರಿಬಾಯಿ ಕಾರ್ಡು ತುಂಬುವುದು ಕೇಳಿಸುತ್ತಿತ್ತು. ಮೇಲಿನ ಅರ್ಧದಲ್ಲಿ ನಡುಕ, ಬೆವರು, ದಿನ ಬಿಟ್ಟು ದಿನದ ಜ್ವರ ಎಲ್ಲಕ್ಕೂ ಅಂಕ ಬಿದ್ದಿತ್ತು. ಮಲೇರಿಯಾ ಎನ್ನುವುದರಲ್ಲಿ ಸಂಶಯವಿರಲಿಲ್ಲ. ಕೆಳಗಿನ ಅರ್ಧ ಉಳಿದಿತ್ತು.

"ಕುಂದರಾಕ ಬರತೈತೇನ್ರಿ ಅಕಿಗೆ?"

"ಕುಂತಾಳಲ್ಲ, ಕಾಣಂಗಿಲ್ಲೇನು?" ಮಾವನ ದನಿ.

"ನೀರು ಕುಡೀತಾಳೇನು?"

"ತಂಬಗಿ ಕೈಯಾಗ ಐತೆಲ್ಲ."

"ಮಾತು ಸರಿ ಆಡತಾಳೇನು?"

"ನಮ್ಮ ಮುಂದ ಎಂದೂ ಮಾತಾಡಂಗಿಲ್ರಿ. ಛಲೋ ಮನಿ ಪೋರಿ."

ಕಸ್ತೂರಿಬಾಯಿ ಮೂರಕ್ಕೂ ಸೊನ್ನೆ ಹಾಕಿದಳು. ಕಣ್ಣು ಸೆರಗಿನ ಮರೆಯಲ್ಲಿತ್ತು, ಮೂತ್ರದ ಪ್ರಶ್ನೆಗೆ ಯಾರೂ ಏನೂ ಹೇಳದೆ ಅಲ್ಲೂ ಸೊನ್ನೆಯೇ ಬಿತ್ತು. ಕಾರ್ಡಿನ ಪ್ರಕಾರ ಅದು ಸರಿಯೇ. ಮಲೇರಿಯಾ ಇದೆ, ತೀವ್ರವಲ್ಲ. ಮಾತ್ರೆ ಕೊಟ್ಟು ಮನೆಗೆ ಕಳಿಸುವುದು. ರಸ್ತೆಯ ಮೇಲೆ ಅವರ ಹಳ್ಳಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ನಾನು ಕೈ ತೊಳೆಯಲು ಹೊರಬಂದೆ. ಏನನ್ನು ಮೊದಲು ನೋಡಿದೆ ಎಂಬುದು ನನಗೇ ಸ್ಪಷ್ಟವಿಲ್ಲ. ಇಷ್ಟು ವರ್ಷ ಹೇಳಿಕೊಂಡು ಬಂದದ್ದು ತಂಬಿಗೆಯೆಂದು: ತುಟಿಯವರೆಗೆ ಹೋಗಿ ಬಂದ ತಂಬಿಗೆಯಲ್ಲಿ ನೀರು ಕಂಠದವರೆಗೆ ಹಾಗೇ ಇತ್ತು. ಆದರೆ ಗೋಡೆಯೂ ಇರಬಹುದು. ನಮ್ಮ ಬೆಂಚು ಗೋಡೆಗೆ ಅಂಟಿಕೊಂಡಿತ್ತು. ಜ್ವರದವರು ಯಾರೇ ಕೂತರೂ ಮೊದಲು ಮಾಡುವುದು ಆ ಗೋಡೆಗೆ ಒರಗುವುದು. ಅವರ ತಲೆಯೆಣ್ಣೆಯ ಗುರುತು ಗೋಡೆಯುದ್ದಕ್ಕೂ ಇತ್ತು. ಈ ಹುಡುಗಿ ಗೋಡೆಯಿಂದ ಒಂದು ಗೇಣು ಮುಂದೆ, ಗದ್ದದವರೆಗೆ ಸೆರಗೆಳೆದು, ನೆಟ್ಟಗೆ ಕೂತಿದ್ದಳು. ಅಷ್ಟು ನೆಟ್ಟಗೆ ಆರೋಗ್ಯವಂತರೂ ಕೂರುವುದಿಲ್ಲ.

"ಯಜಮಾನ್ರ, ಒಂದೀಟು ಹೊರಗ ನಿಂದರ್ರಿ. ಹೆಣ್ಮಗಳ ತಪಾಸಣಿ ಮಾಡಬೇಕು."

"ಬಸ್ ಹೊಂಟೈತ್ರಿ ಬಾಯಿ. ಇದು ತಪ್ಪಿದ್ರ ನಡೀಬೇಕು. ನಡುವ ಹಳ್ಳ ತುಂಬೈತಿ."

"ಒಂದ ನಿಮಿಷ."

ಗೊಣಗುತ್ತ ಹೋದ. ಅವನ ಕಾಲು ಹೊಸ್ತಿಲು ದಾಟಿತೋ ಇಲ್ಲವೋ, ಹಗ್ಗದ ಮೇಲಿನ ಒದ್ದೆ ಸೀರೆ ಜಾರಿ ಬೀಳುವಂತೆ ಆ ಹುಡುಗಿ ಬೆಂಚಿನ ಮೇಲೆ ಕುಸಿದಳು. ತಂಬಿಗೆ ಉರುಳಿತು. ಸೆರಗು ಸರಿಸಿದೆ. ಕಣ್ಣು ಅರಿಶಿನದಂತಿತ್ತು. ಹೆಸರು ಕೇಳಿದರೆ "ಆಯೀ" ಎಂದಳು. ಊರು ಕೇಳಿದರೂ ಅದೇ. ತಾಯಿಯನ್ನು ಕರೆಯುತ್ತಿದ್ದಳು, ತಾಯಿ ಅಲ್ಲಿರಲಿಲ್ಲ. ಮೂತ್ರದ ಬಣ್ಣ ಹೇಗಿದೆ ಎಂದು ಅತ್ತೆಯನ್ನು ಕೇಳಿದೆ.

"ಹಾಲಿಲ್ಲದ ಚಹಾದಂಗ ಐತ್ರಿ, ನಿನ್ನಿಯಿಂದ."

"ಮತ್ತ ಹೇಳಲಿಲ್ಲಲ್ರಿ?"

"ಗಂಡಸರ ಮುಂದ ಅದನ್ನ ಹ್ಯಾಂಗ ಹೇಳೂದು?"

ಕಸ್ತೂರಿಬಾಯಿ ಅದೇ ಕಾರ್ಡಿನಲ್ಲಿ ಸೊನ್ನೆಗಳನ್ನು ಹೊಡೆದು ಹೊಡೆದು ಬರೆದಳು. ಮೊತ್ತ ಜೀಪಿನ ಗೆರೆಯನ್ನು ಎಲ್ಲೋ ಹಿಂದೆ ಬಿಟ್ಟು ಹೋಗಿತ್ತು. ಡ್ರೈವರನಿಗೆ ಹೇಳಿ ಕಳಿಸಿದೆ. ಕ್ವಿನೈನ್ ಬೆರೆಸಿದ ಗ್ಲುಕೋಸ್ ಬಾಟಲಿಯನ್ನು ಗೂಟಕ್ಕೆ ತೂಗುಹಾಕಿ ಸೂಜಿ ಚುಚ್ಚಿದೆ. ಈ ಔಷಧ ಹನಿಯುವಾಗ ರೋಗಿ ಮಲಗಿರಲೇಬೇಕು. ಎದ್ದು ಕೂತರೆ ರಕ್ತದೊತ್ತಡ ದಡಕ್ಕನೆ ಇಳಿಯಬಹುದು. ಇದನ್ನು ನೆನಪಿಡಿ, ಮುಂದಿನದು ಇದರ ಮೇಲೆಯೇ ನಿಂತಿದೆ.

"ಬೆಳಗಾವಿ" ಎಂಬ ಮಾತು ಹೊರಗೆ ಕೇಳಿಸಿತೆಂದು ತೋರುತ್ತದೆ. ಮಾವ ಒಳಗೆ ಬಂದ. ಅವನ ಚಪ್ಪಲಿಯ ಸದ್ದಿಗೆ, ತನ್ನ ಹೆಸರು ಹೇಳಲಾಗದ ಆ ಹುಡುಗಿ, ಕೈಯಲ್ಲಿ ಸೂಜಿ ಇದ್ದಂತೆಯೇ ಎದ್ದು ಕೂತಳು. ಇನ್ನೊಂದು ಕೈಯಿಂದ ಸೆರಗು ಹುಡುಕಿ ಎಳೆದುಕೊಂಡಳು.

"ಏನ ಬಾಯಿ, ಕುಂತಾಳಲ್ಲ! ಛಲೋ ಅದಾಳ. ಬೆಳಗಾಂವಿ ಯಾಕ?"

ಆಗ ನಾನು ಮಾಡಿದ ಕೆಲಸಕ್ಕೆ ಈಗಲೂ ನಗು ಬರುತ್ತದೆ. ಅವನಿಗೆ ಕಾರ್ಡು ತೋರಿಸಿದೆ. "ನೋಡ್ರಿ, ಇಷ್ಟು ಅಂಕ ಬಂದಾವು."

"ಸಾಲ್ಯಾಗ ಅಂಕ ಹೆಚ್ಚು ಬಂದ್ರ ಪಾಸ್ ಅಂತಾರ. ನಿಮ್ಮಲ್ಲಿ ಹೆಚ್ಚು ಬಂದ್ರ ಬೆಳಗಾಂವಿ ದವಾಖಾನಿ. ಎಲ್ಲಿ ನ್ಯಾಯ ಇದು?" ಎಂದ. ಆಮೇಲೆ ದನಿ ಇಳಿಸಿ, "ನಮ್ಮ ತಮ್ಮನ್ನ ಒಯ್ದಿದ್ವಿ ಬಾಯಿ. ಗಾಡ್ಯಾಗ ಒಯ್ದು ಗಾಡ್ಯಾಗ ತಂದ್ವಿ. ಇಕಿನ್ನ ಒಯ್ಯಾಕ ನಾ ಬಿಡಂಗಿಲ್ಲ. ಇಕಿ ಅಪ್ಪಗ ಏನು ಹೇಳಲಿ?"

"ತಡಾ ಮಾಡಿ ಒಯ್ದಿರಬೇಕ್ರಿ. ಇಕಿನ್ನ ಈಗ ಒಯ್ಯೂಣು. ಮೊದಲ ನೀವು ಹೊರಗ ನಡೀರಿ, ಅಕಿ ಮಲಗಬೇಕು."

"ನಾ ಹೊರಗ ಹೋದ್ರ ನೀವು ಜೀಪಿಗೆ ಹಾಕ್ತೀರಿ. ನಾ ಸರಿಯಾಂಗಿಲ್ಲ."

ಅವನು ನಿಂತಿರುವವರೆಗೆ ಅವಳು ಮಲಗುವುದಿಲ್ಲ. ಜೀಪಿನ ಭಯಕ್ಕೆ ಅವನು ಹೊರಗೆ ಹೋಗುವುದಿಲ್ಲ. ನಾನೂ ಕಸ್ತೂರಿಬಾಯಿಯೂ ಭುಜ ಹಿಡಿದು ಒರಗಿಸಲು ನೋಡಿದೆವು. ಅವಳ ಮೈಯಲ್ಲಿ ಎಲ್ಲಿತ್ತೋ ಆ ಬಲ, ಬೆನ್ನನ್ನು ಬಗ್ಗಿಸಗೊಡಲಿಲ್ಲ. ನಾಡಿ ಬೆರಳಿಗೆ ಸಿಕ್ಕಿ ಸಿಕ್ಕಿ ತಪ್ಪುತ್ತಿತ್ತು. ತುಟಿ ಬೆಳ್ಳಗಾಗುತ್ತಿತ್ತು. ನನಗೆ ಗೊತ್ತಿದ್ದ ವೈದ್ಯಶಾಸ್ತ್ರವೆಲ್ಲ ಆ ಬಾಟಲಿಯಲ್ಲಿತ್ತು, ಅದನ್ನು ನಿಲ್ಲಿಸಬೇಕೋ ಬಿಡಬೇಕೋ ತಿಳಿಯಲಿಲ್ಲ.

ಅಷ್ಟು ಹೊತ್ತು ಮೂಲೆಯಲ್ಲಿ ನಿಂತಿದ್ದ ಅತ್ತೆ ಆಗ ಮಾತಾಡಿದಳು. ನಮಗಲ್ಲ, ಗಂಡನಿಗೆ. ಅವಳಾಡಿದ್ದು ಮರಾಠಿಯಲ್ಲಿ, ನನ್ನ ನೆನಪಿನಲ್ಲಿ ಅದು ಉಳಿದದ್ದು ಹೀಗೆ:

"ನೀವು ಇಲ್ಲಿ ನಿಂತಿರೂತನಕ ಅಕಿ ಮಲಗೂದಿಲ್ಲ. ಸತ್ತರೂ ಕುಂತ ಸಾಯ್ತಾಳ. ನಾ ಮಲಗಿದ್ನೇನು ನಿಮ್ಮ ಅಪ್ಪನ ಮುಂದ?"

ಅವನು ಹೆಂಡತಿಯನ್ನು ನೋಡಿದ. ಆಕೆ ಕಣ್ಣು ತಗ್ಗಿಸಲಿಲ್ಲ. ಹೊರಗೆ ಬಸ್ಸು ಹೊರಟ ಸದ್ದಾಯಿತು. ಅವನು ಹೊರಗೆ ಹೋಗಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ನಿಂತು, ಗಂಟಲು ಸರಿಮಾಡಿಕೊಂಡು, ಗೋಡೆಗೇ ಹೇಳಿದಂತೆ ಹೇಳಿದ:

"ಝೋಪ, ಪೋರಿ."

ಮಲಗು, ಹುಡುಗಿ. ಅವನು ಸೊಸೆಯ ಜೊತೆ ನೇರ ಆಡಿದ ಮೊದಲ ಮಾತು ಅದೇ ಇರಬಹುದೆಂದು ನನ್ನ ಊಹೆ. ಅವಳು ಮಲಗಿದಳು.

ಆಮೇಲೆ ಮಾವ ಅಡ್ಡಬರಲಿಲ್ಲ, ಜೀಪು ಹೊರಟಿತು. ಹಿಂದೆ ಹುಡುಗಿ, ಅತ್ತೆ, ಬಾಟಲಿ ಹಿಡಿದ ಕಸ್ತೂರಿಬಾಯಿ. ಮುಂದೆ ಡ್ರೈವರನ ಬಾಜು ಮಾವ. ಮರುದಿನ ಡ್ರೈವರ್ ನನ್ನ ಹತ್ತಿರ ಬಂದು, "ಮುದುಕನ ಕುತ್ತಿಗಿ ಹಿಡದಿರಬೇಕು ನೋಡ್ರಿ, ಬಾಯಾರ. ಬೆಳಗಾವಿತನಕ ಒಂದ್ ಸಲಾನೂ ಹಿಂದ ತಿರುಗಲಿಲ್ಲ. ಎಣ್ಣಿ ಹಚ್ಚಗೋ ಅಂತ ಹೇಳೇನಿ" ಎಂದ. ಕುತ್ತಿಗೆಗೆ ಏನೂ ಆಗಿರಲಿಲ್ಲ ಎಂದು ಹೇಳಿದ್ದರೆ ಆತನಿಗೆ ಅರ್ಥವಾಗುತ್ತಿತ್ತೋ ಏನೋ.

ಶೇವಂತಾ ಬದುಕಿದಳು. ಎಷ್ಟು ದಿನ ಅಲ್ಲಿದ್ದಳೋ ಮರೆತಿದ್ದೇನೆ. ಮಳೆ ನಿಂತ ಮೇಲೆ ಒಂದು ಸಂತೆಯ ದಿನ ಅತ್ತೆ ತನ್ನ ಮಂಡಿನೋವಿಗೆ ಬಂದಾಗ ಕೇಳಿದೆ, ಸೊಸೆ ಹೇಗಿದ್ದಾಳೆ ಎಂದು. "ಹೊರಗ ಬಳಿಗಾರನ ಮುಂದ ಕುಂತಾಳ್ರಿ. ಎಬ್ಬಿಸಿದ್ರ ಏಳವಲ್ಲಳು" ಎಂದು ಆಕೆ ನಗುತ್ತ ಬೈದಳು. ಕಿಟಕಿಯಿಂದ ನೋಡಿದೆ. ಬಳೆಗಾರನಿಗೆ ಕೈಯೊಡ್ಡಿ, ಬೆನ್ನು ಬಾಗಿಸಿ, ಸೋಮಾರಿಯಂತೆ ಕೂತಿದ್ದಳು. ನನಗೆ ಬಹಳ ಸಮಾಧಾನವಾಯಿತು.

ಇದರ ನಂತರ ಕಾರ್ಡಿನ ಕೆಳಗಿನ ಅರ್ಧದ ಮೇಲೆ ಒಂದು ಸಾಲು ಸೇರಿಸಿದೆ: ಮನೆಯ ಹಿರಿಯರನ್ನು ಹೊರಗೆ ಕೂರಿಸಿ, ರೋಗಿಯನ್ನು ಮೊದಲು ಮಲಗಿಸಿ, ಆಮೇಲೆ ಕೇಳುವುದು. ಸಾಹೇಬರು ಒಪ್ಪಲಾರರೆಂದು ವಾದ ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಓದಿದರು, ಕನ್ನಡಕ ತೆಗೆದು ಒರೆಸಿದರು. "ಇದನ್ನ ಮ್ಯಾಲಿನವ್ರಿಗೆ ಕಳಿಸಿದ್ರ ನಗತಾರ. ಕಳಸೂದು ಬ್ಯಾಡ. ಮಾಡ್ರಿ." ಅಷ್ಟೇ.

ಕೆಲವು ವರ್ಷ ಕಳೆದು ನಮ್ಮಲ್ಲಿಗೂ ತಂತ್ರಜ್ಞ ಬಂದ, ಸೂಕ್ಷ್ಮದರ್ಶಕ ಬಟ್ಟೆ ಬಿಚ್ಚಿಕೊಂಡಿತು, ಅಂಕದ ಕಾರ್ಡುಗಳ ಕೆಲಸ ಮುಗಿಯಿತು. ಉಳಿದ ಕಾರ್ಡುಗಳಲ್ಲಿ ಕಸ್ತೂರಿಬಾಯಿ ಮಾತ್ರೆ ಕಟ್ಟಿ ಕೊಡುತ್ತಿದ್ದಳು. ಅಂಕ ಹಾಕುವ ಪದ್ಧತಿಯನ್ನು ನಾನು ಹೀಗಳೆಯುತ್ತಿಲ್ಲ. ದಣಿದಾಗ, ಸಿಟ್ಟು ಬಂದಾಗ, ಪುಢಾರಿ ಎದುರು ನಿಂತಾಗ, ಎಲ್ಲರನ್ನೂ ಅದೇ ಪ್ರಶ್ನೆ ಕೇಳುವಂತೆ ಅದು ನಮ್ಮನ್ನು ಹಿಡಿದಿಟ್ಟಿತು. ಕಾರ್ಡು ಇಲ್ಲದಿದ್ದರೆ ಶೇವಂತಾಳನ್ನು ಯಾರೂ ಏನೂ ಕೇಳುತ್ತಲೇ ಇರಲಿಲ್ಲವೇನೋ. ಹೊಸಬರಿಗೆ ಹೇಳುವುದಿಷ್ಟೇ: ಉತ್ತರ ಬರೆದುಕೊಳ್ಳುವ ಮೊದಲು, ಉತ್ತರ ಕೊಟ್ಟವರು ಯಾರು, ಕೇಳುವಾಗ ಪಕ್ಕದಲ್ಲಿ ಯಾರಿದ್ದರು, ಅದನ್ನೂ ನೋಡಿಕೊಳ್ಳಿ. ನಿಮ್ಮ ಪಟ್ಟಿಯ ಮೇಲಿನ ಗೆರೆ ಮಲೇರಿಯಾ ಹೌದು ಅಲ್ಲ ಹೇಳುತ್ತದೆ. ಎಷ್ಟು ಸೋತಿದ್ದಾರೆ ಎಂಬುದನ್ನು ಈಗಲೂ ಕಣ್ಣಿಂದಲೇ ತೂಗಬೇಕು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು.

ಶೇವಂತಾ ಬೆಳಗಾವಿಗೆ ಹೋದ ವಾರವೋ ಅದರ ಮುಂದಿನ ವಾರವೋ ಅಣ್ಣನ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ. "ಮಾವನ್ನ ಹೊರಗ ಹಾಕೂದಕ್ಕ ಎಷ್ಟು ಅಂಕ ಹಾಕಲಿ?" ಎಂದು ಮೊದಲು ತಮಾಷೆ ಮಾಡಿದ. ಆಮೇಲೆ ಪೆನ್ಸಿಲು ಹಿಡಿದು ಹಳೆಯ ಕಾರ್ಡುಗಳಲ್ಲಿ ಹೊಸ ಸೊಸೆಯರದ್ದನ್ನು ಬೇರೆ ಮಾಡಿ ಇಟ್ಟುಕೊಂಡ. ಒಂದೊಂದನ್ನೂ ತಿರುವಿ ನೋಡಿದ. "ಎಲ್ಲಾರೂ ಕುಂತಾರ ತಂಗಿ," ಎಂದ. "ಒಬ್ಬಾಕಿನೂ ಮಲಗಿಲ್ಲ. ಎಲ್ಲಾರೂ ಒಂದ ಉತ್ತರ ಕೊಡೂ ಪ್ರಶ್ನಿಗೆ ತೂಕನ ಇರಂಗಿಲ್ಲ. ಇಷ್ಟು ದಿನ ನಾವು ತೂಕಿಲ್ಲದ್ದನ್ನ ತೂಗಿದ್ವಿ."

ಅಪ್ಪ ಅಲ್ಲೇ ಮಂಚದ ಮೇಲೆ ಪೇಪರ್ ಓದುತ್ತಿದ್ದರು. ವ್ಯಾಕರಣದಷ್ಟು ಶಿಸ್ತಿನ ಮನುಷ್ಯ. ಸಮಾನತೆಯ ವಚನಗಳನ್ನು ಬಾಯಿಪಾಠ ಹೇಳುತ್ತಿದ್ದರು. ವೈನಿ, ಎಂದರೆ ಅಣ್ಣನ ಹೆಂಡತಿ, ಚಹಾ ತಂದು ಇಟ್ಟು ಬಾಗಿಲ ಬಳಿ ನಿಂತು ನಮ್ಮ ಮಾತು ಕೇಳಿದರು. ಯಾವಾಗಲೂ ನಿಂತೇ ಕೇಳುತ್ತಿದ್ದರು. ಅವರು ನಮ್ಮ ಮನೆಗೆ ಬಂದ ಮೊದಲ ಮಳೆಗಾಲದಲ್ಲಿ ಅವರಿಗೆ ದೊಡ್ಡ ಜ್ವರ ಬಂದಿತ್ತು. ಇದು ಖಚಿತ, ಕೂದಲು ಉದುರಿ ಜಡೆ ಸಣ್ಣಗಾದದ್ದು ನೆನಪಿದೆ. ನಾನಾಗ ವೈದ್ಯಕೀಯ ಓದುತ್ತಿದ್ದೆ, ರಜೆಗೆ ಮನೆಯಲ್ಲಿದ್ದೆ. ಆ ಜ್ವರದ ದಿನಗಳನ್ನು ನೆನೆಸಿಕೊಳ್ಳಲು ನೋಡಿದರೆ ನನಗೆ ಕಾಣುವುದು ಬಿಸಿ ರೊಟ್ಟಿ, ಹೊತ್ತಿಗೆ ಸರಿಯಾಗಿ ಚಹಾ, ಬಾಗಿಲ ಬಳಿಯ ಸೆರಗು. ಅವರು ಮಲಗಿದ್ದು ಕಾಣುವುದಿಲ್ಲ. ಅವರು ಮಲಗಿದ್ದನ್ನು ನಾನು ಮರೆತಿರಬಹುದು. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ ಎಂದು ಹೇಳಿದ್ದೇನಲ್ಲ. ಆದರೆ ರೊಟ್ಟಿ ನೆನಪಿದ್ದು ಅದು ಮಾತ್ರ ಮರೆಯುವುದು ಹೇಗೆ?

ಆ ಜ್ವರದ ಬಗ್ಗೆ ಅಂದೇ ಒಳಗೆ ಹೋಗಿ ವೈನಿಯನ್ನು ಕೇಳಿದ್ದೆ. "ಚಹಾ ಆರತೈತಿ, ನಡೀರಿ" ಅಂದರು.

ಈಚೆಗೆ ಇದನ್ನು ಬರೆಯತೊಡಗಿದ ಮೇಲೆ ಮತ್ತೆ ಕೇಳಿದೆ. ಅಪ್ಪ ಹೋಗಿ ಎಷ್ಟೋ ವರ್ಷಗಳಾದವು. ಅಣ್ಣ ವಾಕಿಂಗ್‌ಗೆ ಹೋಗಿದ್ದ. ಹೊರಗೆ ಕಳಿಸಬೇಕಾದವರು ಮನೆಯಲ್ಲಿ ಯಾರೂ ಇರಲಿಲ್ಲ, ನಾನೊಬ್ಬಳೇ. ವೈನಿ ಮೊರ ತೊಡೆಯ ಮೇಲಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು.

"ವೈನಿ, ನೀವು ಬಂದ ವರ್ಷ ನಿಮಗ ಜ್ವರ ಬಂದಿತ್ತಲ್ರಿ, ಆವಾಗ ನಮ್ಮನ್ಯಾಗ ನೀವು ಎಲ್ಲಿ ಮಲಗಿದ್ರಿ?"